ಬೆನ್ನ ಮೇಲಿನ ಬರಹ

ನಾನು ಅತ್ತಿಯ ಜಾತಿಯ ಮರದ ತೊಗಟೆಯಿಂದ ಹುಟ್ಟಿದ ಪುಸ್ತಕ. ಕಡಲಾಚೆಯ ಯುಕತಾನ್ ನಾಡಿನಲ್ಲಿ, ಮಾಯಾ ಜನರ ಒಂದು ಊರಿನಲ್ಲಿ, ಚಾನ್ ಎಂಬ ಲಿಪಿಕಾರ ನನ್ನನ್ನು ಮಾಡಿದ. ತೊಗಟೆ ನೆನೆಸಿ, ಕಲ್ಲಿನಿಂದ ಬಡಿದು, ಸುಣ್ಣ ಬಳಿದು, ಒಣಗಿದ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಿಸಿದ. ಒಂದು ಮಗ್ಗುಲಲ್ಲಿ ಕೆಂಪು, ಕಪ್ಪು ಚಿತ್ರಾಕ್ಷರ ಬರೆದ. ಬೆನ್ನು ಖಾಲಿ ಉಳಿಯಿತು. ನನ್ನ ಮೊದಲರ್ಧದಲ್ಲಿ ಮಳೆ ಕರೆಯುವ ಹಾಡುಗಳಿದ್ದವು. ಉಳಿದರ್ಧದಲ್ಲಿ ಸತ್ತವರನ್ನು ಬೀಳ್ಕೊಡುವ ಮಾತುಗಳು.

ಚಾನ್ ತನ್ನ ಮಗಳು ಇಷ್‌ಮಾಯ್‌ಗೆ ಓದು ಕಲಿಸತೊಡಗಿದ. ಅವಳು ಮಳೆಹಾಡು ಮುಗಿಸುವಷ್ಟರಲ್ಲಿ ಸ್ಪೇನಿನ ಪಾದ್ರಿಗಳು ಬಂದರು. ಊರಿನ ಪುಸ್ತಕಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ನಾನು ಒಲೆಯ ಹಿಂದಿನ ಗುಳಿಯಲ್ಲಿದ್ದೆ. ಇನ್ನುಳಿದ ಪುಸ್ತಕಗಳನ್ನು ಎಲ್ಲಿಟ್ಟಿದ್ದೀಯೆಂದು ಕೇಳಿ ಚಾನ್‌ನನ್ನು ಬೆನ್ನು ಹರಿಯುವಂತೆ ಚಾವಟಿಯಿಂದ ಹೊಡೆದರು. ಅವನು ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ತೀರಿಕೊಂಡ. ಅವನನ್ನು ಬೀಳ್ಕೊಡುವ ಮಾತು ನನ್ನೊಳಗೇ ಇತ್ತು. ಓದುವವರಿರಲಿಲ್ಲ.

ವರ್ಷಗಳು ಕಳೆದವು. ಇಷ್‌ಮಾಯ್‌ಗೆ ಮಗ ಹುಟ್ಟಿದ; ಇಗರ್ಜಿಯವರು ಅವನಿಗೆ ಆಂದ್ರೆಸ್ ಎಂದು ಹೆಸರಿಟ್ಟು, ತಮ್ಮ ಲಿಪಿ ಕಲಿಸಿ, ದೊಡ್ಡವನಾದ ಮೇಲೆ ಗುಮಾಸ್ತನಾಗಿ ಇಟ್ಟುಕೊಂಡರು. ಮನೆಯಲ್ಲಿ ಅವಳು ನನ್ನ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಮಳೆಹಾಡು ಹೇಳುತ್ತಿದ್ದಳು. ಯಾರೋ ಕೇಳಿಸಿಕೊಂಡು ಪಾದ್ರಿ ಬೆರ್ನಾರ್ದೊಗೆ ತಿಳಿಸಿದರು.

ಆತ ನನ್ನನ್ನು ಹುಡುಕಿ ತೆಗೆಸಿದ, ಆದರೆ ಸುಡಲಿಲ್ಲ. ಸ್ಪೇನಿನ ಒಬ್ಬ ದೊಡ್ಡ ಮನುಷ್ಯನಿಗೆ ಇಂಥ ವಿಚಿತ್ರ ವಸ್ತುಗಳು ಬೇಕಾಗಿದ್ದವಂತೆ. ಪ್ರತಿ ಹಾಳೆಯ ಅರ್ಥವನ್ನೂ ನಿಮ್ಮ ಭಾಷೆಯಲ್ಲಿ, ನಮ್ಮ ಅಕ್ಷರದಲ್ಲಿ ಇದರ ಬೆನ್ನಿಗೆ ಬರೆ ಎಂದು ಆಂದ್ರೆಸ್‌ಗೆ ಅಪ್ಪಣೆ ಮಾಡಿದ. ತಾಯಿ ಹೇಳುತ್ತ ಹೋದಳು, ಮಗ ಬರೆಯುತ್ತ ಹೋದ. ನಡುವೆ ಅವಳ ಬೆರಳು ನಿಂತಿತು.

"ಇಲ್ಲಿಂದಾಚೆ ಅಪ್ಪ ಹೇಳಿಕೊಡಲಿಲ್ಲ. ಖಾಲಿ ಬಿಡು," ಎಂದಳು.

"ಖಾಲಿ ಬಿಟ್ಟರೆ ನೀನು ಮುಚ್ಚಿಟ್ಟೆ ಅಂತಾರಮ್ಮ. ತಾತನಿಗೆ ಮಾಡಿದ್ದನ್ನೇ ನಿನಗೂ ಮಾಡ್ತಾರೆ."

ಮಾರನೆಯ ದಿನ ಇಗರ್ಜಿಯಲ್ಲಿ ಕೂತು ಆಂದ್ರೆಸ್ ಉಳಿದ ಬೆನ್ನನ್ನು ತುಂಬಿಸಿದ. ಪಾದ್ರಿಗಳು ಹೆಣದ ಮುಂದೆ ಹೇಳುವ ಪ್ರಾರ್ಥನೆಯನ್ನೇ ತನ್ನ ಭಾಷೆಗೆ ತಿರುಗಿಸಿ, ಮೇರಿಯ ಹೆಸರಿದ್ದಲ್ಲಿ ಚಂದ್ರದೇವಿಯ ಹೆಸರಿಟ್ಟ. ಸಂಜೆ ತಾಯಿ ಬಂದು ಕೇಳಿದಾಗ ಓದಿ ಹೇಳಿದ.

"ಮಾತು ಚೆನ್ನಾಗಿದೆ," ಎಂದಳು ಅವಳು. "ಆದರೆ ಇದು ನಮ್ಮದಲ್ಲ, ಮಗನೇ. ನಮ್ಮ ಅಪ್ಪನ ಬೆನ್ನಿಗೆ ಇದನ್ನೂ ಹೊರಿಸಿದೆಯಲ್ಲ."

ಅಷ್ಟರಲ್ಲಿ ಮಸಿ ಒಣಗಿತ್ತು.

ನನ್ನನ್ನು ಸ್ಪೇನಿಗೆ ಒಯ್ಯುತ್ತಿದ್ದ ಹಡಗಿನಲ್ಲಿ ಉಪ್ಪುನೀರು ಪೆಟ್ಟಿಗೆಗೆ ನುಗ್ಗಿತು. ಎರಡನೆಯರ್ಧದ ಸುಣ್ಣ ಎದ್ದು ಚಾನ್ ಬರೆದ ಚಿತ್ರಗಳೆಲ್ಲ ಉದುರಿಹೋದವು. ತೊಗಟೆಯೊಳಗೆ ಇಳಿದಿದ್ದ ಬೆನ್ನ ಮೇಲಿನ ಮಸಿ ಮಾತ್ರ ಉಳಿಯಿತು. ಆಮೇಲೆ ಶ್ರೀಮಂತರ ಕಪಾಟುಗಳು, ಹರಾಜು, ಕೊನೆಗೆ ಈ ಗ್ರಂಥಾಲಯದ ಗಾಜಿನ ಪೆಟ್ಟಿಗೆ. ವಿದ್ವಾಂಸರು ಆಂದ್ರೆಸ್‌ನ ಸಾಲುಗಳನ್ನು ಓದಿ, ಮಾಯಾ ಜನರು ಸಾವನ್ನು ಹೀಗೆ ಕಾಣುತ್ತಿದ್ದರೆಂದು ದಪ್ಪ ದಪ್ಪ ಪುಸ್ತಕ ಬರೆದರು.

ಹೋದ ವರ್ಷ ಯುಕತಾನ್‌ನಿಂದ ಫ್ಲೋರೆನ್ಸಿಯಾ ಎಂಬ ಶಾಲಾ ಶಿಕ್ಷಕಿ ಬಂದಿದ್ದಳು. ಗಾಜಿಗೆ ಹಣೆ ತಾಗಿಸಿ ಬಾಯಿಬಿಟ್ಟು ಓದಿದಳು. ನಾಲ್ಕು ನೂರು ವರ್ಷಗಳ ಮೇಲೆ ನನ್ನ ಭಾಷೆ ಕಿವಿಗೆ ಬಿತ್ತು. ಆದರೆ ಅವಳು ಓದುತ್ತಿದ್ದುದು ಆ ಪ್ರಾರ್ಥನೆಯನ್ನು. ಮೊನ್ನೆ ತಾನೇ ತಾಯಿ ಹೋದಳೆಂದು, ಸಮಾಧಿಯ ಮುಂದೆ ನಮ್ಮ ಹಿರಿಯರ ಮಾತನ್ನೇ ಹೇಳಬೇಕೆಂಬ ಆಸೆಯೆಂದು ಕಾವಲುಗಾರನಿಗೆ ಹೇಳಿ ಕಣ್ಣೊರೆಸಿಕೊಂಡಳು.

ಅದು ನಮ್ಮದಲ್ಲವೆಂದು ಹೇಳಲು ನನಗೆ ಬಾಯಿಲ್ಲ. ಹೇಳಿದ್ದರೂ, ಅದರ ಬದಲಿಗೆ ಕೊಡಲು ನನ್ನಲ್ಲಿ ಏನೂ ಉಳಿದಿಲ್ಲ. ಅವಳು ಒಂದಕ್ಷರವೂ ತಪ್ಪದಂತೆ ಅದನ್ನು ಬರೆದುಕೊಂಡು ಹೋದಳು.