ಢಂ ಎಂದರೆ ಮೈದಾನಕ್ಕೆ

ನಾನು ಒಂದು ದೊಡ್ಡ ಡ್ರಮ್ಮು. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಹುಟ್ಟಿದೆ. ಮರದ ಪಟ್ಟಿ ಬಗ್ಗಿಸಿ ನನಗೆ ಮೈ ಮಾಡಿದರು, ಎರಡೂ ಕಡೆ ಮೇಕೆಯ ಚರ್ಮ ಬಿಗಿದು ಬಾಯಿ ಕೊಟ್ಟರು. ನನ್ನ ಮೊದಲ ಯಜಮಾನ ಮೌಲಾಸಾಬ, ಮದುವೆ ಮೆರವಣಿಗೆಯ ಬ್ಯಾಂಡ್ ಕಂಪನಿಯವನು. ನನ್ನನ್ನು ಕೊರಳಿಗೆ ಹಾಕಿಕೊಂಡರೆ ಅವನ ಹೊಟ್ಟೆ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಎಂದು ಹೇಳಲು ಬರುತ್ತಿರಲಿಲ್ಲ. ಎಷ್ಟೋ ಮದುಮಗಂದಿರ ಕುದುರೆಗಳನ್ನು ಬೆದರಿಸಿದ್ದೇನೆ, ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಆಮೇಲೆ ಡಿ.ಜೆ. ಬಂತು. ಮೌಲಾಸಾಬ ಕಂಪನಿ ಮುಚ್ಚಿ, ನನ್ನನ್ನು ತನ್ನೂರಿನ ಸರ್ಕಾರಿ ಶಾಲೆಗೆ ಕೊಟ್ಟುಬಿಟ್ಟ.

ಅಲ್ಲಿ ನನಗೆ ಕೆಲಸವೆಂದರೆ ಆಗಸ್ಟ್ ಹದಿನೈದು ಮತ್ತು ಜನವರಿ ಇಪ್ಪತ್ತಾರು. ಉಳಿದಂತೆ ಮುರಿದ ಬೆಂಚುಗಳ ನಡುವೆ ಮನೆ ಅಳಿಯನ ಹಾಗೆ ಆರಾಮಾಗಿದ್ದೆ.

ಹೀಗಿರುವಾಗ, ಬೆಂಕಿ ಬಿದ್ದರೆ ಹೊರಗೆ ಬರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕೆಂದು ಮೇಲಿನಿಂದ ಆದೇಶ ಬಂತು. ಹೆಡ್‌ಮಾಸ್ತರು ಬಸವಂತಪ್ಪನವರು ಆ ಹೊಣೆಯನ್ನು ನಾಲ್ಕನೇ ತರಗತಿಯ ಹಸೀನಾ ಟೀಚರ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಉದ್ದ ಗಂಟೆ ಬಾರಿಸಿದರೆ ಎಲ್ಲರೂ ಮೈದಾನಕ್ಕೆ ಬರಬೇಕು ಎಂದು ಟೀಚರು ಹೇಳಿಕೊಟ್ಟರು. ಆದರೆ ಉದ್ದ ಗಂಟೆ ಎಂದರೆ ಶಾಲೆ ಬಿಟ್ಟಿತು ಎನ್ನುವುದು ಮಕ್ಕಳ ರಕ್ತದಲ್ಲೇ ಇಳಿದಿದೆ. ಬಾರಿಸಿದ್ದೇ ತಡ, ಚೀಲ ಹೆಗಲಿಗೇರಿಸಿ ಹೋ ಎನ್ನುತ್ತ ಮೈದಾನವನ್ನೂ ದಾಟಿ ಮನೆ ಸೇರಿಕೊಂಡರು.

ಟೀಚರಿಗೆ ನಗು ಬಂತು. ನಗುತ್ತಲೇ ತರಗತಿಯ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಮುಂದಿನ ಬೆಂಚಿನಲ್ಲಿ ಬನಶಂಕರಿ ತಲೆ ಬಗ್ಗಿಸಿ ಗಣಿತ ಮಾಡುತ್ತ ಕೂತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು.

"ಖರೇ ಬೆಂಕಿ ಅಲ್ಲಲ್ಲ ಅಕ್ಕೋರ, ಬಿಡ್ರಿ," ಎಂದರು ಹೆಡ್‌ಮಾಸ್ತರು.

"ಖರೇ ಇದ್ದಿದ್ರ ಈ ಕೂಸಿನ ಗತಿ ಏನಾಗ್ತಿತ್ರಿ ಸರ?"

ಹೆಡ್‌ಮಾಸ್ತರು ತಮ್ಮ ಕೋಣೆಯತ್ತ ನಡೆದರು. ಟೀಚರಿಗೆ ಮಾತ್ರ ಅಂದಿನಿಂದ ಅದೊಂದೇ ಚಿಂತೆ.

ಆಗಸ್ಟ್ ಕವಾಯತಿಗೆಂದು ನನ್ನನ್ನು ಹೊರಗೆ ತಂದು ಬಾರಿಸಿದಾಗ ಬನಶಂಕರಿ ಅಂಗೈಯನ್ನು ಎದೆಗೆ ಒತ್ತಿಕೊಂಡು ನಕ್ಕಳು. ನನ್ನ ಸದ್ದು ಅವಳಿಗೆ ಕಿವಿಯಿಂದಲ್ಲ, ಎದೆಯಿಂದ ಮುಟ್ಟಿತ್ತು. ಟೀಚರು ಅದನ್ನು ಕಂಡರು. ಆ ದಿನವೇ ನನಗೆ ಅವಳ ತರಗತಿಯ ಹೊರಗಿನ ಪಡಸಾಲೆಯಲ್ಲಿ ಜಾಗ ಸಿಕ್ಕಿತು. ಗಂಟೆ ಎಂದರೆ ಮನೆಗೆ, ಢಂ ಎಂದರೆ ಮೈದಾನಕ್ಕೆ. ನಾನು ಎಷ್ಟು ಬೀಗಿದೆನೆಂದರೆ, ಚರ್ಮ ಒಡೆಯದಿದ್ದದ್ದೇ ಪುಣ್ಯ.

ಒಂದೇ ಒಂದು ತೊಡಕು. ನಾನು ಢಂ ಎಂದರೆ ನಾಲ್ಕನೇ ತರಗತಿಯವರು ಏಳುತ್ತಿರಲಿಲ್ಲ. ಸದ್ದು ಅವಳಿಗೆ ಮುಟ್ಟಿತೋ ಇಲ್ಲವೋ ಎಂಬ ಕುತೂಹಲಕ್ಕೆ ಎಲ್ಲರೂ ಬನಶಂಕರಿಯ ಮುಖವನ್ನೇ ನೋಡುತ್ತಿದ್ದರು. ಅವಳು ಎದೆ ಮುಟ್ಟಿಕೊಂಡು ಎದ್ದ ಮೇಲೆಯೇ ಉಳಿದವರು ಏಳುತ್ತಿದ್ದರು.

"ಆಕಿ ಮಾರಿ ಏನ್ ನೋಡ್ತೀರಿ, ಬಾಗಲಾ ನೋಡ್ರಿ," ಎಂದು ಟೀಚರು ಬೈದು ಬೈದು ಸೋತರು. ಚಟ ಹೋಗಲಿಲ್ಲ.

ಮಳೆ ಹಿಡಿದುಕೊಂಡ ಒಂದು ಮಧ್ಯಾಹ್ನ. ಬಿಸಿಯೂಟದ ರುಚಿ ನೋಡಲು ಟೀಚರು ಅಡುಗೆಮನೆಗೆ ಹೋಗಿದ್ದರು. ಅವರ ಕಣ್ಣೆದುರೇ ಗ್ಯಾಸಿನ ಪೈಪು ಭಗ್ಗೆಂದು ಹೊತ್ತಿಕೊಂಡಿತು. ಅಡುಗೆಯವರನ್ನು ಹೊರಗೆ ತಳ್ಳಿ, ಪಕ್ಕದಲ್ಲೇ ಇದ್ದ ಒಂದನೇ ತರಗತಿಯ ಪುಟಾಣಿಗಳನ್ನು ಮೈದಾನಕ್ಕೆ ನಡೆಸುವುದರೊಳಗೆ ಪಡಸಾಲೆಯಲ್ಲಿ ಹೊಗೆ ತುಂಬಿತು. ನಾಲ್ಕನೇ ತರಗತಿ ಹೊಗೆಯ ಆಚೆ ತುದಿಗಿತ್ತು. ಬಸವಂತಪ್ಪನವರು ಪಂಚೆ ಎತ್ತಿ ಕಟ್ಟಿ ನನ್ನ ಬಳಿಗೆ ಓಡಿಬಂದು ಬಾರಿಸಿದರು.

ನಾನು ಢಂ ಎನ್ನಲಿಲ್ಲ. ಮಳೆಯ ಥಂಡಿಗೆ ಚರ್ಮ ಸಡಿಲಾಗಿತ್ತು. ಡಬ್ ಎಂದೆ, ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ. ಕಿವಿಯಿದ್ದವರಿಗೆ ಅಷ್ಟು ಸಾಕಿತ್ತು. ಆದರೆ ಅವಳ ಎದೆಗೆ ನಾನು ಮುಟ್ಟಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು, ಅವಳು ಬರೆಯುತ್ತಲೇ ಇದ್ದಳು. ಹೊಗೆಗೆ ಕಣ್ಣು ಬಿಡಲಾಗದ ಹೆಡ್‌ಮಾಸ್ತರಿಗೆ ಅದು ಕಾಣಲಿಲ್ಲ; ಇನ್ನೂ ಜೋರಾಗಿ ಹೊಡೆದರು, ನನ್ನ ಚರ್ಮ ಹರಿದೇ ಹೋಯಿತು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಆಗ ಇಡೀ ತರಗತಿ, ಚಟದ ಪ್ರಕಾರ, ಬನಶಂಕರಿಯತ್ತ ತಿರುಗಿತು. ಪಕ್ಕದಲ್ಲಿದ್ದವಳು ಮೈ ಪೂರ್ತಿ ಹೊರಳಿಸಿ ನೋಡಿದ್ದಕ್ಕೆ ಬೆಂಚು ಅಲುಗಿ ಬನಶಂಕರಿಯ ಅಕ್ಷರ ಸೊಟ್ಟಗಾಯಿತು. ಸಿಟ್ಟಿನಿಂದ ತಲೆ ಎತ್ತಿದಳು. ಎಲ್ಲರ ಕಣ್ಣೂ ತನ್ನ ಮೇಲೆಯೇ ಇದ್ದವು. ಅವರು ಹಾಗೆ ನೋಡುವುದು ನನ್ನನ್ನು ಬಾರಿಸಿದಾಗಲೇ ಎಂದು ಅವಳಿಗೆ ಗೊತ್ತಿತ್ತು. ಪೆನ್ಸಿಲು ಅಲ್ಲೇ ಬಿಟ್ಟು ಎದ್ದಳು. ಅವಳು ಎದ್ದಳೆಂದು ಎಲ್ಲರೂ ಎದ್ದರು. ಕೆಮ್ಮುತ್ತ, ಸಾಲು ಬಿಡದೆ, ಮೈದಾನಕ್ಕೆ ಬಂದರು.

ಟೀಚರು ಅವಳನ್ನು ಅಪ್ಪಿಕೊಂಡು ಮಳೆಯಲ್ಲೇ ಅತ್ತರು. ಬೆಂಕಿ ಅಡುಗೆಮನೆಯನ್ನು ಮೀರಿ ಹೋಗಲಿಲ್ಲ. "ನಿಮ್ಮ ಅಭ್ಯಾಸ ಇರಲಿಲ್ಲಂದ್ರ ಇವತ್ತ ನನ್ನ ಬಾಯಾಗ ಮಣ್ಣ ಬೀಳ್ತಿತ್ರಿ ಅಕ್ಕೋರ," ಎಂದು ಬಸವಂತಪ್ಪನವರು ಎಲ್ಲರ ಮುಂದೆಯೇ ಒಪ್ಪಿಕೊಂಡರು.

ಈಗ ಶಾಲೆಗೆ ಸೈರನ್ ಬಂದಿದೆ. ಹರಿದ ಬಾಯಿಯೊಂದಿಗೆ ನಾನು ಪಡಸಾಲೆಯ ಮೂಲೆಯಲ್ಲಿದ್ದೇನೆ, ಸುಖವಾಗಿದ್ದೇನೆ. ಹೊಟ್ಟೆಕಿಚ್ಚಿಲ್ಲವೇ ಎಂದರೆ, ಸ್ವಲ್ಪ ಇದೆ. ಆದರೆ ಸೈರನ್ ಎಷ್ಟೇ ಅರಚಿಕೊಳ್ಳಲಿ, ಬನಶಂಕರಿ ಎದ್ದು ನಿಲ್ಲುವವರೆಗೆ ಅವಳ ತರಗತಿಯಲ್ಲಿ ಒಂದು ಮಗುವೂ ಬಾಗಿಲು ದಾಟುವುದಿಲ್ಲ. ಟೀಚರು ಈಗ ಅದಕ್ಕೆ ಬೈಯುವುದನ್ನು ಬಿಟ್ಟಿದ್ದಾರೆ.