ಹಿಂದೆ ಸರಿಯುವವರು

"ಒಳ್ಳೆಯದು ಮಾತ್ರ ಹೇಳು, ಆಯ್ತಾ?" ಲೋಲಾಕ್ಷಿಯ ಮುಖ ನೋಡದೆ ಅತ್ತಿಗೆ ಹೇಳಿದಳು.

"ನನಗಿಂತ ಚಂದ ಮಾತಾಡುವವರು ಉಂಟಲ್ಲ ಅತ್ತಿಗೆ."

"ಮನೆಯಲ್ಲೇ ಲೆಕ್ಚರರ್ ಇರುವಾಗ ಹೊರಗಿನವರನ್ನು ಕರೆಯುವುದಾ? ಮೂಡಬಿದಿರೆಯಿಂದ ನನ್ನ ತವರಿನವರೆಲ್ಲ ಬಂದಿದ್ದಾರೆ ಮಾರಾಯ್ತಿ."

ಅಣ್ಣ ರುಕ್ಮಯ್ಯನ ಉತ್ತರಕ್ರಿಯೆ. ನರಿಕೊಂಬಿನ ಸಭಾಭವನ ತುಂಬಿತ್ತು. ಊಟಕ್ಕೆ ಮೊದಲು ಯಾರಾದರೂ ನುಡಿನಮನ ಸಲ್ಲಿಸಬೇಕು. ಸತ್ತವನ ಬದುಕನ್ನು ನಾಲ್ಕು ಮಾತಿನಲ್ಲಿ ಹೇಳಬೇಕು.

ಉಜಿರೆಯಲ್ಲಿ ಇತಿಹಾಸ ಕಲಿಸುವ ಲೋಲಾಕ್ಷಿಗೆ ಒಬ್ಬನ ಬದುಕು ಮಾತ್ರ ಪೂರ್ತಿ ಗೊತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಬಿಡಲೊಪ್ಪದ ದಕ್ಷಿಣದವರ ಪರ ಕಾದಿದ ಜನರಲ್ ಜಾನ್‌ಸ್ಟನ್. ಅವಳ ಪಿಎಚ್.ಡಿ. ಅವನ ಮೇಲೆಯೇ. ವರ್ಜೀನಿಯಾದಲ್ಲಿ ಹಿಂದೆ ಸರಿದ. ಜಾರ್ಜಿಯಾದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಹಿಂದೆ ಸರಿದ. ಅಟ್ಲಾಂಟಾದ ಬಾಗಿಲಲ್ಲಿ ಹುದ್ದೆ ಹೋಯಿತು. ಮತ್ತೆ ಕರೆಸಿಕೊಂಡಾಗ ಸರಿಯಲು ಜಾಗವೇ ಉಳಿದಿರಲಿಲ್ಲ, ಶರಣಾದ. ಹಿಂದೆ ಸರಿಯುವುದೆಂದರೆ ತನ್ನವರನ್ನು ಉಳಿಸಿಕೊಳ್ಳುವ ಕಲೆ ಎಂದು ಅವಳು ಬರೆದಿದ್ದಳು. ಪರೀಕ್ಷಕರು ಮೆಚ್ಚಿದ್ದರು.

ಆ ಕಲೆ ಅವಳಿಗೂ ಬರುತ್ತಿತ್ತು. ಅವಳು ಮದುವೆಯಾಗಬೇಕೆಂದಿದ್ದ ನೌಫಲ್‌ನನ್ನು ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಮತ್ತು ಅವನ ಗೆಳೆಯರು ಹೊಡೆದು ಕೆಡವಿದಾಗ ಅವಳು ಅಲ್ಲೇ ಇದ್ದಳು. ಪೊಲೀಸರು ಕೇಳಿದಾಗ, "ನಾನು ಸರಿಯಾಗಿ ನೋಡಲಿಲ್ಲ" ಅಂದಳು. ನೌಫಲ್‌ಗೆ ಒಂದು ಕಿವಿ ಕೇಳಿಸದಾಯಿತು. ಅವನು ಗಲ್ಫಿನ ದಮ್ಮಾಮಿಗೆ ಹೋದ. ಪೊಲೀಸರಿಗೆ ಹಾಗೆಂದ ಸಂಜೆ ಅಣ್ಣ ಅವಳಿಗಿಷ್ಟವೆಂದು ಬಂಗುಡೆ ಮೀನು ತಂದಿದ್ದ. "ತಿನ್ನು, ತೆಳ್ಳಗಾಗಿದ್ದಿ." ತಿಂದಿದ್ದಳು.

ಮೈಕು ಕೈಗೆ ಬಂತು.

"ತನ್ನವರನ್ನು ಉಳಿಸಿಕೊಳ್ಳುವುದೇ ಅವನಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು." ಬಾಯಿಗೆ ಬಂದದ್ದು ಪ್ರಬಂಧದ ವಾಕ್ಯ. "ಸೋಲಿನಲ್ಲೂ ಮರ್ಯಾದೆ ಬಿಡಲಿಲ್ಲ. ಜೊತೆಗಿದ್ದವರು ಅವನನ್ನು ಕೊನೆಯವರೆಗೂ ಪ್ರೀತಿಸಿದರು."

ತಲೆಗಳು ಆಡಿದವು. "ಸತ್ಯ, ಸತ್ಯ," ಎಂದರು ಮುಂದಿನ ಸಾಲಿನಲ್ಲಿ ದೊಡ್ಡಪ್ಪ. ಅತ್ತಿಗೆ ಅಳತೊಡಗಿದಳು. ಜನರಲ್‌ನ ಕೋಟು ಅಣ್ಣನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

ಮುಂದಿನ ವಾಕ್ಯ ಅವಳಿಗೆ ಬಾಯಿಪಾಠ: ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ, ತನ್ನನ್ನು ಸೋಲಿಸಿದವನ ಶವದ ಮುಂದೆ, ಕೊರೆಯುವ ಚಳಿಯಲ್ಲಿ ಆ ಮುದುಕ ಟೋಪಿ ತೆಗೆದು ನಿಂತಿದ್ದ. ಅದನ್ನು ಯಾರ ಹೆಸರಿಗೆ ಹೇಳುವುದು?

ನಾಲಗೆಯ ತುದಿಗೆ ಒಂದು ಹೆಸರು ಬಂತು. ಅಣ್ಣನದಲ್ಲ, ಜನರಲ್‌ನದೂ ಅಲ್ಲ.

"ಎಲ್ಲರೂ ಎದ್ದು ನಿಂತು ಮೌನ ಪ್ರಾರ್ಥನೆ ಸಲ್ಲಿಸಬೇಕಾಗಿ ವಿನಂತಿ," ಅಂದಳು.

ಕುರ್ಚಿಗಳು ಸದ್ದು ಮಾಡಿದವು. ತಲೆಗಳು ತಗ್ಗಿದವು.

ಮೌನ ಮಾಡಿಸಿದವರೇ ಮೌನ ಮುಗಿಸಬೇಕು. ಬಾಯಿ ತೆರೆದರೆ ಆ ಹೆಸರೇ ಹೊರಬೀಳುತ್ತದೆಂದು ಅವಳಿಗೆ ಖಚಿತವಾಯಿತು. ತುಟಿ ಬಿಗಿದಳು. ಯಾರೋ ಕೆಮ್ಮಿದರು. ಒಬ್ಬ ಅಜ್ಜಿಯ ಕಾಲು ನಡುಗತೊಡಗಿತು.

"ಸಾಕು ಲೋಲಾಕ್ಷಿ," ದೊಡ್ಡಪ್ಪ ಪಿಸುಗುಟ್ಟಿದರು. "ಕೂತುಕೊಳ್ಳಲಿಕ್ಕೆ ಹೇಳು."

ಪಕ್ಕದ ಪಂಕ್ತಿಯಲ್ಲಿ ಬಡಿಸಿಟ್ಟ ಅನ್ನ ಆರುತ್ತಿತ್ತು. ಇಲ್ಲಿ ಇಡೀ ಊರು ತಲೆ ತಗ್ಗಿಸಿ, ಅಪ್ಪಣೆ ಸಿಗದ ಸೈನ್ಯದಂತೆ, ನಿಂತೇ ಇತ್ತು.