ಹಗ್ಗ ಕಟ್ಟಿದ ಅಡ್ಡತುಂಡು

ಅಡ್ಡತುಂಡು ಎಲ್ಲ ಗಾಡಿಯಲ್ಲೂ ಇರುತ್ತದೆ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದಂತೆ ಗಾಲಿಯ ಹಿಂದೆ ಒತ್ತಿಡುವ ಮರದ ತುಂಡು ಅದು. ಹ್ಯಾಂಡ್‌ಬ್ರೇಕ್ ಸರಿಯಿದ್ದ ಗಾಡಿಯಲ್ಲಿ ಸೀಟಿನಡಿಯ ಪೆಟ್ಟಿಗೆಯಲ್ಲಿ, ಜಾಕಿನ ಪಕ್ಕ ಧೂಳು ಹಿಡಿದು ಬಿದ್ದಿರುತ್ತದೆ. ಯಲ್ಲಾಪುರದ ಆ ಶಾಲೆಯ ಬಸ್ಸಿನಲ್ಲಿ ಅದು ಬಾಗಿಲ ಬಳಿಯೇ, ಕೈಗೆ ಸಿಗುವ ಹಾಗೆ ಇತ್ತು. ಒಂದು ಮಗ್ಗುಲು ಟೈರಿನ ಆಕಾರಕ್ಕೇ ಸವೆದಿತ್ತು. ಅದರ ಮೇಲೆ ರಬ್ಬರಿನ ಹೊಸ ಕಪ್ಪು. ತುದಿಗೆ ನೈಲಾನ್ ಹಗ್ಗ ಕಟ್ಟಿತ್ತು.

ಮುಜೀಬ ಅದನ್ನು ತಿರುಗಿಸಿ ನೋಡಿ ಇದ್ದಲ್ಲೇ ಇಟ್ಟ. ಡ್ರೈವರ್ ಸೀಟಿನಲ್ಲಿ ಕೂತು ಹ್ಯಾಂಡ್‌ಬ್ರೇಕ್ ಎಳೆದ. ಲಿವರ್ ಯಾವ ತಕರಾರೂ ಇಲ್ಲದೆ ಪೂರಾ ಮೇಲೆ ಬಂತು, ಬಿಟ್ಟರೆ ಹಾಗೇ ಕೆಳಗೆ ಹೋಯಿತು.

‘ಅದು ಶೋಕಿಗೆ ಇಟ್ಟದ್ದು ಸಾಬ್ರೇ,’ ಎಂದ ಹುಚ್ಚ. ಐವತ್ತು ದಾಟಿದ ಅವನು ಬಸ್ಸಿನ ಕ್ಲೀನರ್. ‘ಹೊರಡ್ರಿ, ಮಕ್ಕಳು ಕಾಯ್ತವೆ.’

ಶನಿವಾರ ಬೆಳಿಗ್ಗೆ ಆರೂಮುಕ್ಕಾಲು. ಮುಜೀಬ ಕೆಲಸ ನೋಡಲು ಬಂದಿದ್ದ. ಹದಿನಾಲ್ಕು ವರ್ಷದಿಂದ ಹುಬ್ಬಳ್ಳಿ–ಮಂಗಳೂರು ಲಾರಿ ಓಡಿಸುತ್ತಿದ್ದವನು, ಹತ್ತು ಹನ್ನೆರಡು ದಿನಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಮಗಳು ಮೆಹರಿನ್‌ಗೆ ನಾಲ್ಕು ವರ್ಷ. ಹೋದ ಸಲ ಅವನು ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಅವಳು ತಾಯಿಯ ಮೊಬೈಲ್ ತಂದು, ಅಬ್ಬಾಗೆ ಫೋನ್ ಹಚ್ಚಿಕೊಡು ಎಂದಿದ್ದಳು. ಎದುರಿಗೆ ಕೂತ ಗಂಡಸೂ ಫೋನಿನಲ್ಲಿ ಮಾತಾಡುವ ಅಬ್ಬಾನೂ ಒಬ್ಬನೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಶಾಲೆಯ ಟ್ರಸ್ಟಿನ ಕಾರ್ಯದರ್ಶಿ ಕಿಶೋರ ಹೆಗಡೆ ಕರೆಸಿ ಹೇಳಿದ್ದು ಇಷ್ಟು: ಅರಬೈಲ್ ಕಡೆಯ ರೂಟು, ಸಂಜೆ ಐದೂವರೆಗೆ ಮನೆ, ಭಾನುವಾರ ರಜೆ, ಮಗಳಿಗೆ ಎಲ್‌ಕೆಜಿಯಲ್ಲಿ ಫೀಸಿಲ್ಲದ ಸೀಟು. ಸೋಮವಾರದಿಂದ ಬರಬೇಕು.

ಮುಜೀಬ ಬಸ್ಸು ಹೊರಡಿಸಿದ. ತಿಳಿದೇ ಹೊರಡಿಸಿದ.

ಮುಂದಿನ ಸೀಟಿನಲ್ಲಿ ಪರಿಮಳಾ ಟೀಚರ್ ಕೂತಿದ್ದರು. ಮಕ್ಕಳ ಜೊತೆ ಒಬ್ಬ ಟೀಚರ್ ಇರಬೇಕೆಂಬ ನಿಯಮವಿದ್ದುದರಿಂದ ಆ ಕೆಲಸ ಅವರ ಪಾಲಿಗೆ ಬಂದಿತ್ತು. ಘಟ್ಟ ಇಳಿದು, ಬಸ್ಸು ತಿರುಗಿಸಿ, ವಾಪಸ್ ಹತ್ತುವಾಗ ಮಕ್ಕಳನ್ನು ಹತ್ತಿಸಿಕೊಳ್ಳುವುದು ಪದ್ಧತಿ. ಮೂರನೆಯ ಸ್ಟಾಪು ನೇರ ಏರಿನಲ್ಲಿತ್ತು. ಕೆಳಗಿನ ಕೇರಿಯಿಂದ ಬರುವ ಕಾಲುದಾರಿ ಬಸ್ಸಿನ ಬೆನ್ನಿಗೇ ಬಂದು ಮುಟ್ಟುತ್ತಿತ್ತು.

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹುಚ್ಚ ಹಾರಿದ. ಹಿಂದಿನ ಗಾಲಿಯ ಕೆಳಗೆ ಅಡ್ಡತುಂಡು ದಡ್ಡನೆ ಬಿದ್ದ ಸದ್ದು ಕೇಳಿತು. ಹನ್ನೊಂದು ಮಕ್ಕಳು ಬಸ್ಸಿನ ಬೆನ್ನನ್ನು ಅಂಗೈಯಿಂದ ಸವರುತ್ತ ಒಂದೊಂದಾಗಿ ಬಂದವು. ಮುಜೀಬನಿಗೆ ಕನ್ನಡಿಯಲ್ಲಿ ಅಂಗೈಗಳಷ್ಟೇ ಕಂಡವು. ಎಲ್ಲ ಹತ್ತಿದ ಮೇಲೆ ಅವನು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟ. ಗಾಡಿ ಅರ್ಧ ಗೇಣು ಹಿಂದೆ ಜಾರಿ, ತುಂಡಿಗೆ ತಾಗಿ ಮುಂದಾಯಿತು. ಹುಚ್ಚ ಹಗ್ಗ ಎಳೆದುಕೊಂಡು ಓಡಿಬಂದು ಬಾಗಿಲು ಹಿಡಿದ.

‘ಹೆಂಗೆ?’ ಎಂದ, ಏದುಸಿರು ಬಿಡುತ್ತ. ‘ಜೂನಿಂದ ನಾಲ್ಕು ಡ್ರೈವರ್ ಬಂದ್ರು, ಹೋದ್ರು. ನಾ ಒಬ್ನೇ ಪರ್ಮನೆಂಟು. ಈ ಗಾಡಿಗೆ ಕೈಬ್ರೇಕು ಅಂದ್ರೆ ನಾನೇಯ.’

‘ನಿಮಗೆ ಜ್ವರ ಬಂದ್ರೆ ಹುಚ್ಚಣ್ಣ?’

‘ಬಂದಿಲ್ಲಲ.’

‘ಬಂದ್ರೆ?’

‘ನೀವೆಂತ ಸಾಬ್ರೇ, ಜ್ವರಕ್ಕೆ ದಾರಿ ತೋರಿಸ್ತೀರಿ.’

ಮಕ್ಕಳು ನಕ್ಕವು. ಪರಿಮಳಾ ಟೀಚರ್ ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದರು, ‘ಬರೋ ವಾರ ಸರಿ ಮಾಡಿಸ್ತಾರಂತೆ.’

‘ಯಾವಾಗಿಂದ ಹೇಳ್ತಿದಾರೆ ಟೀಚರ್?’

‘ಜೂನಿಂದ.’ ಅದು ನವೆಂಬರ್ ತಿಂಗಳು.

ಹತ್ತು ಗಂಟೆಗೆ ಮುಜೀಬ ಆಫೀಸಿಗೆ ಹೋದ. ಕಿಶೋರ ಹೆಗಡೆ ಹೆಂಡತಿಯೊಡನೆ ಫೋನಿನಲ್ಲಿದ್ದರು. ‘ಹೂಂ, ಡ್ರೈವರ್ ಸಿಕ್ದ. ಇನ್ನೆಂತ ತೊಂದ್ರೆ ಇಲ್ಲೆ. ಆನು ಊಟಕ್ಕೆ ಬತ್ತೆ.’ ಫೋನಿಟ್ಟು ಕುರ್ಚಿ ತೋರಿಸಿದರು. ಒಂದು ರಿಜಿಸ್ಟರ್ ಮುಂದಿಟ್ಟರು. ದಿನವೂ ಗಾಡಿ ಹೊರಡುವ ಮುಂಚೆ ಟೈರು, ದೀಪ, ಬ್ರೇಕು, ಹ್ಯಾಂಡ್‌ಬ್ರೇಕು, ಎಲ್ಲವನ್ನೂ ನೋಡಿ ಡ್ರೈವರ್ ಗುರುತು ಹಾಕಬೇಕಾದ ಪುಸ್ತಕ. ತಿಂಗಳ ಕೊನೆಯವರೆಗೂ ಆಗಲೇ ಸರಿ ಗುರುತು ಬಿದ್ದಿತ್ತು. ಸಹಿಯ ಜಾಗ ಮಾತ್ರ ಖಾಲಿ.

‘ಟಿಕ್ ಹಾಕೋ ತಲೆಬಿಸಿ ನಿಮಗಿಲ್ಲ. ಸಹಿ ಮಾಡಿದ್ರಾಯ್ತು.’

‘ಸರ್, ಹ್ಯಾಂಡ್‌ಬ್ರೇಕ್ ಇಲ್ಲ.’

‘ಇದೆ. ಸ್ವಲ್ಪ ಲೂಸಿದೆ.’

‘ಪೇಟೆಯೊಳಗೆ ಓಡೋ ಎರಡೂ ಬಸ್ ಹೊಸವು. ಅಲ್ಲಿ ರಸ್ತೆ ಸಪಾಟು. ಅದ್ರಲ್ಲಿ ಒಂದನ್ನ ಘಟ್ಟಕ್ಕೆ ಹಾಕಿ, ಇದನ್ನ ಪೇಟೆಗೆ ಹಾಕ್ಬಹುದಲ್ಲ.’

ಕಿಶೋರ ಹೆಗಡೆ ಸಿಟ್ಟಾಗಲಿಲ್ಲ. ತಿಳಿಯದವನಿಗೆ ತಿಳಿಸುವ ದನಿಯಲ್ಲಿ ಹೇಳಿದರು. ‘ಹೊಸ ಬಸ್ ಘಟ್ಟ ಹತ್ತಿ ಇಳಿದ್ರೆ ಎರಡು ವರ್ಷಕ್ಕೆ ಹಳೇದಾಗ್ತದೆ. ಪೇಟೆಯವ್ರು ಬಸ್ ನೋಡಿಯೇ ಅಡ್ಮಿಶನ್ ಮಾಡ್ಸೋದು. ಘಟ್ಟದವ್ರು ಹಾಗಲ್ಲ, ಬಸ್ ಬಂದ್ರೆ ಸಾಕು ಅಂತಾರೆ.’ ಆಮೇಲೆ ಏನೋ ನೆನಪಾದಂತೆ ಸೇರಿಸಿದರು. ‘ನಿಮ್ಮ ಮಗಳು ಪೇಟೆ ಬಸ್ಸಲ್ಲೇ ಬರೋದು ಮಾರಾಯ್ರೆ. ಅದ್ರ ಚಿಂತೆ ಬೇಡ.’

ಮುಜೀಬ ಮಗಳ ಮಾತೇ ಎತ್ತಿರಲಿಲ್ಲ. ಬ್ರೇಕಿಲ್ಲದ್ದರ ಅಪಾಯ ಈ ಮನುಷ್ಯನಿಗೆ ತಿಳಿದಿಲ್ಲ ಎಂದು ಅವನು ಅದುವರೆಗೆ ಅಂದುಕೊಂಡಿದ್ದ. ಎಲ್ಲ ತಿಳಿದೇ ಯಾವ ಮಗು ಯಾವ ಬಸ್ಸಿನಲ್ಲಿ ಎಂದು ವಿಂಗಡಿಸಿಯಾಗಿತ್ತು. ಸೋಮವಾರ ಹೇಳುತ್ತೇನೆಂದು ಎದ್ದ.

ಮನೆಯಲ್ಲಿ ಅರ್ಷಿಯಾ ಎಲ್ಲ ಕೇಳಿಸಿಕೊಂಡಳು.

‘ನಾಲ್ಕು ಡ್ರೈವರ್ ಬಿಟ್ರಲ್ಲ, ಯಾರಿಗಾದ್ರೂ ಏನಾದ್ರೂ ಆಗಿತ್ತಾ?’

‘ಇಲ್ಲ. ಆಗಿಲ್ಲ ಅಂತ್ಲೇ ಬ್ರೇಕ್ ಸರಿ ಮಾಡಿಸಿಲ್ಲ.’

‘ನಿಮ್ಮ ಲಾರಿದು ಭಾರಿ ಚೆನ್ನಾಗಿದೆಯೋ?’

‘ಅದನ್ನ ನಾನೇ ನೋಡ್ಕೊಳ್ತೀನಿ. ಅದ್ರ ಬೆನ್ನಿಗೆ ಮಕ್ಕಳು ನಿಲ್ಲಲ್ಲ.’

ಅರ್ಷಿಯಾ ಅನ್ನ ಬಡಿಸಿ, ತಾನು ಬಡಿಸಿಕೊಳ್ಳದೆ ಕೂತಳು. ‘ಒಂದು ಮಾತು ಹೇಳ್ತೀನಿ ರೀ. ಸೇರ್ಕೊಳ್ಳಿ. ಒಳಗಿದ್ದು ದಿನಾ ಹೇಳಿ ಹೇಳಿ ಸರಿ ಮಾಡಿಸಿ. ನೀವು ಬಿಟ್ರೆ ಇನ್ನೊಬ್ಬ ಬರ್ತಾನೆ, ಅವ್ನು ಹೇಳೋದೂ ಇಲ್ಲ. ಆ ಮಕ್ಕಳಿಗೆ ಏನು ಲಾಭ? ಇವಳಿಗೆ ಏನು ಲಾಭ?’

ಮೆಹರಿನ್ ಬಾಗಿಲ ಮರೆಯಿಂದ ಅವನನ್ನೇ ನೋಡುತ್ತಿದ್ದಳು. ಅರ್ಷಿಯಾಳ ಮಾತಿನಲ್ಲಿ ತಪ್ಪಿರಲಿಲ್ಲ. ಭಾನುವಾರ ಇಡೀ ದಿನ ಮುಜೀಬ ಅದನ್ನೇ ತಿರುವಿ ನೋಡಿದ. ನಾಲ್ವರೂ ಮೊದಲ ದಿನ ಹೀಗೇ ಅಂದುಕೊಂಡಿರಬೇಕು, ಒಳಗಿದ್ದು ಸರಿ ಮಾಡಿಸೋಣ ಎಂದು. ಒಂದು ಸಹಿ ಹಾಕಿದ ಮೇಲೆ, ಹ್ಯಾಂಡ್‌ಬ್ರೇಕ್ ಇದೆ ಎಂದು ಬರೆದುಕೊಟ್ಟವನೇ ಅದು ಇಲ್ಲ ಎಂದು ಹೇಗೆ ಹೇಳುತ್ತಾನೆ? ಸಂಜೆ ಮೆಹರಿನ್ ತಾನಾಗಿ ಬಂದು ಅವನ ಮೊಣಕಾಲ ಮೇಲೆ ಒಂದು ಬಿಸ್ಕತ್ತು ಇಟ್ಟು ಓಡಿಹೋದಳು.

ಸೋಮವಾರ ಆರೂಕಾಲಿಗೆ ಮುಜೀಬ ಶಾಲೆಯಲ್ಲಿದ್ದ. ರಿಜಿಸ್ಟರಿನಲ್ಲಿ ಆ ದಿನದ ಹ್ಯಾಂಡ್‌ಬ್ರೇಕಿನ ಚೌಕದಲ್ಲಿದ್ದ ಸರಿ ಗುರುತನ್ನು ಹೊಡೆದುಹಾಕಿ, ‘ಇಲ್ಲ’ ಎಂದು ಬರೆದ. ಕೆಳಗೆ ಸಹಿ ಮಾಡಿ ಲೈಸೆನ್ಸ್ ನಂಬರ್ ಹಾಕಿದ. ಕಿಶೋರ ಹೆಗಡೆ ಬಂದು ಓದಿದರು.

‘ಎಂತದು ಇದು?’

‘ಗಾಡಿ ಗ್ಯಾರೇಜಿಗೆ ಕಳ್ಸಿ ಸರ್. ಎರಡು ದಿನದ ಕೆಲಸ. ಅದು ಬಂದ ದಿನ ನಾನೂ ಬರ್ತೀನಿ.’

‘ಇವತ್ತು?’

‘ಇವತ್ತು ಹೊಸ ಬಸ್ಸಿನ ಕೀ ಕೊಡಿ, ಈಗ್ಲೇ ಘಟ್ಟಕ್ಕೆ ಹೊರಟೆ.’

ಕಿಶೋರ ಹೆಗಡೆ ಆ ಹಾಳೆಯನ್ನು ಅಂಚು ಹಿಡಿದು ನಿಧಾನವಾಗಿ ಹರಿದರು. ಪುಸ್ತಕಕ್ಕೆ ಗಾಯವಾಗದಂತೆ ಹರಿಯುವುದು ಅವರಿಗೆ ರೂಢಿಯಾಗಿತ್ತು. ಪಾಲಕರ ವಾಟ್ಸಾಪ್ ಗುಂಪಿಗೆ ಏಳು ಗಂಟೆಗೆ ಸಂದೇಶ ಹೋಯಿತು: ಹೊಸ ಡ್ರೈವರ್ ಕೈಕೊಟ್ಟಿದ್ದರಿಂದ ಇಂದು ಅರಬೈಲ್ ಬಸ್ ಇಲ್ಲ.

ಮಂಗಳವಾರ ಬೆಳಿಗ್ಗೆ ಮುಜೀಬ ಲಾರಿಯಲ್ಲಿ ಘಟ್ಟ ಇಳಿಯುತ್ತಿದ್ದ. ಮೂರನೆಯ ಸ್ಟಾಪಿನಲ್ಲಿ ಮಕ್ಕಳೂ ನಾಲ್ಕೈದು ಹೆಂಗಸರೂ ಇನ್ನೂ ಕಾಯುತ್ತಿದ್ದರು. ಲಾರಿ ಪಕ್ಕಕ್ಕೆ ಹಾಕಿ ಇಳಿದ.

‘ಕೈಕೊಟ್ಟ ಡ್ರೈವರ್ ಇವ್ರೇ ನೋಡ್ರೇ,’ ಎಂದಳು ಗಣಪಿ ಎಂಬವಳು. ಅವಳ ಇಬ್ಬರು ಮಕ್ಕಳು ಆ ಬಸ್ಸಿನವು; ಶನಿವಾರ ಅವುಗಳನ್ನು ಬಿಡಲು ಬಂದಾಗ ಅವನನ್ನು ನೋಡಿದ್ದಳು. ‘ಒಂದು ದಿನಕ್ಕೇ ಸಾಕಾಯ್ತಾ ನಮ್ಮ ಘಟ್ಟ?’

‘ಘಟ್ಟ ಅಲ್ಲ ಅಕ್ಕ. ಬಸ್ಸಿಗೆ ಹ್ಯಾಂಡ್‌ಬ್ರೇಕ್ ಇಲ್ಲ.’

‘ಹುಚ್ಚ ಇದ್ನಲ, ಗಾಲಿಗೆ ಕಟ್ಟಿಗೆ ಕೊಡೂಕೆ.’

‘ಆ ಕಟ್ಟಿಗೆ ಒಂದಿನ ಜಾರಿದ್ರೆ ಬಸ್ ಹಿಂದೆ ಬರ್ತದೆ. ಮಕ್ಕಳು ಬರೋದು ಯಾವ ಕಡೆಯಿಂದ?’

ಗಣಪಿ ಕಾಲುದಾರಿಯ ಕಡೆ ತಿರುಗಿ ನೋಡಿದಳು. ‘ನೀವಂತೂ ಬಿಟ್ರಿ. ಇನ್ನೊಬ್ಬ ಬಂದ್ರೆ ನಾವೆಂತ ಮಾಡೂದು?’

‘ಏನೂ ಮಾಡ್ಬೇಡಿ. ಹುಚ್ಚಣ್ಣನ್ನ ಇಳೀಬೇಡ ಅನ್ನಿ, ಅಷ್ಟೇ. ಕಟ್ಟಿಗೆ ಇಲ್ದೆ, ಡ್ರೈವರ್ ಪೆಡಲಿಂದ ಕಾಲು ತೆಗೆದ್ರೂ ಬಸ್ ನಿಂತ್ರೆ ಮಕ್ಕಳನ್ನ ಹತ್ತಿಸಿ.’

ಅವನು ಮಂಗಳೂರಿಗೆ ಹೋಗಿ ಮಾಲು ಇಳಿಸಿ ತುಂಬಿಸಿಕೊಂಡು, ಶುಕ್ರವಾರ ಎಂಟು ಗಂಟೆಗೆ ಅದೇ ಘಟ್ಟ ಹತ್ತುತ್ತಿದ್ದ. ಮೂರನೆಯ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಬ್ರೇಕ್ ದೀಪ ಕೆಂಪಗೆ ಉರಿಯುತ್ತಿತ್ತು. ಹೊಸ ಡ್ರೈವರ್ ಶಿವಲಿಂಗಪ್ಪ ಹಾವೇರಿ ಕಡೆಯವನು. ಕಾಲನ್ನು ಪೆಡಲಿಗೇ ಒತ್ತಿ ಹಿಡಿದು, ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ.

‘ಲಗೂನ ಹತ್ತ್ರಿ ಯವ್ವಾ, ಎಷ್ಟೊತ್ತು ಹಿಂಗ ಒತಗೊಂಡು ಕುಂದ್ರಲಿ?’

‘ಕಾಲು ತೆಗೀರಿ, ಹತ್ತಿಸ್ತೇವೆ,’ ಎಂದಳು ಗಣಪಿ.

ಅವಳು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಿದ್ದಳು. ಅಡ್ಡತುಂಡು ಅವಳ ಮಡಿಲಲ್ಲಿತ್ತು. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಹುಚ್ಚ ಎದುರಿಗೆ ನಿಂತು, ‘ಕೊಡೇ ಮಾರಾಯ್ತಿ, ನನ್ನ ಕೆಲಸ ಅದು,’ ಎನ್ನುತ್ತಿದ್ದ. ಬರಿಗೈಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮಕ್ಕಳನ್ನು ಹೆಂಗಸರು ಬಸ್ಸಿನಿಂದ ದೂರ, ರಸ್ತೆಯ ಮೇಲ್ಬದಿಗೆ ಸಾಲಾಗಿ ನಿಲ್ಲಿಸಿದ್ದರು. ಪರಿಮಳಾ ಟೀಚರ್ ಬಸ್ಸಿನಿಂದ ಇಳಿದು ಬಂದು, ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ಆ ಸಾಲಿನ ಕೊನೆಗೆ ನಿಂತಿದ್ದರು. ಯಾರ ಕಡೆಗೂ ನೋಡುತ್ತಿರಲಿಲ್ಲ.

ಮುಜೀಬ ಸಾಕಷ್ಟು ಹಿಂದೆಯೇ ಲಾರಿ ನಿಲ್ಲಿಸಿದ. ಅವನ ಹಿಂದೆ ಒಂದು ಟ್ಯಾಂಕರ್, ಅದರ ಹಿಂದೆ ಇನ್ನೆರಡು ಲಾರಿ ಬಂದು ನಿಂತು ಹಾರ್ನ್ ಹಾಕತೊಡಗಿದವು. ಬಸ್ಸನ್ನು ದಾಟಿ ಹೋಗುವಷ್ಟು ಜಾಗ ರಸ್ತೆಯಲ್ಲಿತ್ತು. ಅವನು ಲಾರಿಯನ್ನು ಸ್ವಲ್ಪ ನಡುವಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿದ.